ಗಿಟುಕಿನ ಸದ್ದು

ಹೊನ್ನವಳ್ಳಿಯ ನಮ್ಮ ಮಹಿಳಾ ಕೊಬ್ಬರಿ ಸಂಘಕ್ಕೆ ಅಂಕಮ್ಮನವರ ನಂತರ ನಾನು ಅಧ್ಯಕ್ಷೆಯಾದೆ. ಮೊದಲ ವಾರವೇ ತಿಪಟೂರಿನ ವ್ಯಾಪಾರಿಯೊಬ್ಬ ಬಂದು, ನಾವು ಕಳಿಸಿದ್ದ ಕೊಬ್ಬರಿ ಚೀಲವನ್ನು ಮುಂದೆ ಸುರಿದ.

"ಬರೀ ಹೋಳೇ ಕಣ್ರೀ. ಉಂಡೆ ಕೊಬ್ರಿ ಎಲ್ಲಿ? ಯಾರು ಒಡೆದಿದ್ದು?"

ಒಡೆದವಳು ಹೊಸದಾಗಿ ಸೇರಿದ ಜ್ಯೋತಿಲಕ್ಷ್ಮಿ. ಅವಳು ತಲೆ ತಗ್ಗಿಸಿ ನಿಂತಿದ್ದಳು. ನನಗೆ ಮೂಗಿನ ತುದಿಯಲ್ಲೇ ಕೋಪ. ಹೆಸರು ಹೇಳಲು ಬಾಯಿ ತೆರೆದೆ.

ಮೂಲೆಯಲ್ಲಿ ಕಾಯಿ ಆರಿಸುತ್ತಿದ್ದ ಅಂಕಮ್ಮ ಒಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು. ವರ್ಷವಿಡೀ ಅಟ್ಟದಲ್ಲಿ ಒಣಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಲೊಟಲೊಟ ಅಂದರೆ ಅದು ಗಿಟುಕು. ಒಡೆದರೆ ಇಡೀ ಉಂಡೆ ಸಿಗುತ್ತದೆ. ಆ ಕಾಯಿ ಸದ್ದು ಮಾಡಲಿಲ್ಲ.

"ಇನ್ನೂ ಹಸೀದು ಕಣೇ ಆಶಾ. ಈಗ್ಲೇ ಹೊಡೆದ್ರೆ ಹೋಳಾಯ್ತದೆ" ಅಂದರು. ಅವರ ಕಣ್ಣು ಕಾಯಿಯ ಮೇಲಿರಲಿಲ್ಲ, ಜ್ಯೋತಿಲಕ್ಷ್ಮಿಯ ಮೇಲಿತ್ತು.

ನಾನು ವ್ಯಾಪಾರಿಯತ್ತ ತಿರುಗಿದೆ. "ಸಂಘದ ತಪ್ಪು ಕಣ್ರೀ, ಅಂದ್ರೆ ನಂದೇ. ಬೇರೆ ಚೀಲ ಕೊಡ್ತೀನಿ" ಎಂದೆ. ವ್ಯಾಪಾರಿ ಗೊಣಗುತ್ತ ಒಪ್ಪಿದ. ಜ್ಯೋತಿಲಕ್ಷ್ಮಿ ಅಂಕಮ್ಮನವರ ಪಕ್ಕ ಕುಳಿತು, ತಾನೂ ಒಂದು ಕಾಯಿಯನ್ನು ಕಿವಿಗೆ ಹಿಡಿದಳು.

ಸಂಜೆ ಬಾಗಿಲು ಹಾಕುವಾಗ ನನಗೊಂದು ಅನುಮಾನ ಬಂತು.

"ಅಕ್ಕ, ನಾನು ಸೇರ್ದಾಗ ಒಂದೂ ಹೋಳಾಗ್ಲಿಲ್ವಾ? ಯಾರೂ ನನ್ನ ಒಂದು ಮಾತು ಅಂದಿದ್ದೇ ನೆನಪಿಲ್ಲ."

ಅಂಕಮ್ಮ ಸೆರಗಿಗೆ ಕೈ ಒರೆಸಿಕೊಂಡರು.

"ಆಗಿದ್ವು ಬುಡು. ಎಲ್ಲಾ ನಾನೇ ಒಡೆದೆ ಅಂದಿದ್ದೆ."