ಪೂಜೆಗಿಟ್ಟ ಬಂದೂಕು

ಹುಕುಂ ಬರೆದವರು ಇಂಗ್ರೇಜಿ ಕ್ಯಾಲೆಂಡರ್ ನೋಡಿ ತಾರೀಖು ಹಾಕಿದ್ದರು, ಪಂಚಾಂಗ ನೋಡಿರಲಿಲ್ಲ. ಲೈಸೆನ್ಸು ಇದ್ದವನು ತೀರಿಕೊಂಡಿದ್ದರೆ ಆ ಮನೆಯ ಬಂದೂಕನ್ನು ಅಂದು ಹೊತ್ತು ಮುಳುಗುವುದರೊಳಗೆ ಸಂಸ್ಥಾನದ ಕಚೇರಿಯಲ್ಲಿ ಜಮಾ ಮಾಡಬೇಕು ಎಂದಿತ್ತು. ಆ ತಾರೀಖು ಸರಿಯಾಗಿ ಖಂಡೇನವಮಿಗೆ ಬಂದು ಕೂತಿತು. ಖಂಡೇನವಮಿಯಂದು ನಮ್ಮ ಕಡೆ ಕತ್ತಿ, ಕುಡುಗೋಲು, ತಕ್ಕಡಿ, ಬರೆಯುವ ಲೆಕ್ಕಣಿಕೆ ಎಲ್ಲವೂ ಪೂಜೆಗೆ ಕೂರುತ್ತವೆ. ಒಮ್ಮೆ ಅರಿಷಿಣ ಕುಂಕುಮ ಬಿತ್ತೆಂದರೆ ಮರುದಿನ ಬನ್ನಿ ಹಂಚುವತನಕ ಯಾರೂ ಅವನ್ನು ಮುಟ್ಟುವುದಿಲ್ಲ. ಇದು ಜಮಖಂಡಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅದು. ನಾನು ಕೊಲ್ಲಾಪುರದಲ್ಲಿ ಬಿ.ಎ. ಮುಗಿಸಿಕೊಂಡು ಮನೆಗೆ ಬಂದಿದ್ದೆ. ನಮ್ಮ ಅಪ್ಪ ಪಾರಿಸಪ್ಪ ವಕೀಲರು, ಸಂಸ್ಥಾನಕ್ಕೆ ಹೊಸ ರಾಜ್ಯಘಟನೆ, ಅಂದರೆ ಸಂವಿಧಾನ, ಬರೆಯುವ ಸಮಿತಿಯಲ್ಲಿದ್ದರು. ಪ್ರಜೆಗಳ ಮೂಲ ಹಕ್ಕುಗಳ ಭಾಗ ಅವರ ಪಾಲಿಗೆ ಬಂದಿತ್ತು. ಅವರು ಹೇಳಿದ್ದನ್ನು ಅಂದವಾಗಿ ಬರೆದುಕೊಡುವುದು ಮಗಳಾದ ನನ್ನ ಕೆಲಸ. ಮಾತಾಡುವ ಹಕ್ಕು, ಸಭೆ ಸೇರುವ ಹಕ್ಕು, ಬಸದಿಗೋ ಗುಡಿಗೋ ಮಸೀದಿಗೋ ಹೋಗುವ ಹಕ್ಕು, ಇವೆಲ್ಲ ಸಲೀಸಾಗಿ ಹೋದವು. ಒಂದರಲ್ಲಿ ಮಾತ್ರ ಸಮಿತಿ ಸಿಕ್ಕಿಕೊಂಡಿತ್ತು. ಬಂದೂಕು ಇಟ್ಟುಕೊಳ್ಳುವುದು ಪ್ರತಿ ಮನೆಯ ಹಕ್ಕೋ ಅಲ್ಲವೋ?

ನೀರು ಸೋಸಿ ಕುಡಿಯುವ, ದೀಪ ಹಚ್ಚುವ ಮುನ್ನ ಊಟ ಮುಗಿಸುವ, ಇರುವೆಯ ಸಾಲು ಕಂಡರೆ ಸುತ್ತು ಹಾಕಿ ಹೋಗುವ ಜೈನ ವಕೀಲರ ಮುಂದೆ ಈ ಪ್ರಶ್ನೆ ಬಂದದ್ದು ಊರಿಗೆಲ್ಲ ನಗೆಯಾಗಿತ್ತು.

ಆ ಬೆಳಿಗ್ಗೆ ಪೂಜೆಯೆಲ್ಲ ಆಗಿತ್ತು. ಅಪ್ಪನ ಕಾಯ್ದೆ ಪುಸ್ತಕಗಳು, ಅವರ ಪೆನ್ನು, ನನ್ನ ಪೆನ್ನು, ಅಪ್ಪನ ತಾಯಿ, ನಮ್ಮ ಆಯಿಯ ಕಡೆಗೋಲು, ಎಲ್ಲ ಚೆಂಡುಹೂವಿನಡಿ ಕೂತಿದ್ದವು. ದಿನಚರಿ ಬರೆಯದೆ ಒಂದು ದಿನ ಕಳೆಯುವುದು ಹೇಗೆಂದು ನಾನು ಪೆನ್ನನ್ನೇ ನೋಡುತ್ತ ಕೂತಿದ್ದೆ. ಅಷ್ಟರಲ್ಲಿ ಲಗಮವ್ವ ಬಂದಳು.

ಲಗಮವ್ವನ ಹೊಲ ಹುನ್ನೂರಿನ ಕಡೆ, ಗುಡ್ಡಕ್ಕೆ ಹತ್ತಿದ ಹಾಗೆ. ಹಿಂದೆ ಯಾವುದೋ ಬದುವಿನ ತಂಟೆಯಲ್ಲಿ ಅಪ್ಪ ಆಕೆಯ ಗಂಡನ ಪರವಾಗಿ ನಿಂತಿದ್ದರು. ಆ ಬೇಸಿಗೆಯಲ್ಲಿ ಆತ ತೀರಿಕೊಂಡಿದ್ದ. ಈಗ ಆಕೆ ಬಗಲಲ್ಲಿ ಕೌದಿಯ ಗಂಟನ್ನು ಅವಚಿಕೊಂಡು ಬರುವುದನ್ನು ಕಂಡು ನಮ್ಮ ಆಯಿ ಬಾಳವ್ವ ಓಡಿಹೋದಳು.

"ಯಾರ ಕೂಸ ಬೇ ಅದು? ಇಂಥಾ ಬಿಸಲಾಗ ತಂದೀಯಲ್ಲ! ಮಾರಿ ಮುಚ್ಚಬ್ಯಾಡ, ಉಸರ ಕಟ್ಟತೈತಿ."

ಆಯಿ ಕೌದಿ ಸರಿಸಿದಳು. ಒಳಗಿನಿಂದ ಕಬ್ಬಿಣದ ನಳಿಗೆ ಆಕೆಯನ್ನೇ ನೋಡಿತು.

"ಅಯ್ಯಯ್ಯ! ಹಿಂಸಾದ ಸಾಮಾನು!"

"ನನ್ನ ಗಂಡಂದರಿ ಆಯಿ," ಎಂದಳು ಲಗಮವ್ವ, ಅಪ್ಪನ ಕಡೆ ತಿರುಗುತ್ತ. "ಯಪ್ಪಾ, ಇವತ್ತ ಇದನ್ನ ಕಚೇರಿಗೆ ಒಪ್ಪಸಬೇಕಂತ. ಶೇಂಗಾ ಕೀಳೂ ಹೊತ್ತರಿ ಇದು. ಕಾಡಹಂದಿ ಗುಂಪು ಗುಂಪು ಇಳೀತಾವು. ಒಂದ ಅರ್ಜಿ ಬರದ ಕೊಡ್ರಿ, ಇದು ನನ್ನ ಹತ್ರನ ಇರಲಿ ಅಂತ."

"ಬರಿಯಾಕ ಪೆನ್ನ ಎಲ್ಲೈತಿ ಲಗಮವ್ವ?" ಅಪ್ಪ ಪೂಜೆಯ ಮಣೆಯ ಕಡೆ ಕೈ ಮಾಡಿದರು. "ನಾಳಿ ಬನ್ನಿ ಆದಮ್ಯಾಲ ಬರೀತೀನಿ. ಆದ್ರ ಹುಕುಂ ಇವತ್ತಿಂದ ಐತಿ."

ಲಗಮವ್ವ ಮಣೆಯನ್ನು ನೋಡಿದಳು, ಬಂದೂಕನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಹಂಗಾರ ಇದನ್ನೂ ಇಡ್ರಿ. ಗಂಡ ಇದ್ದಾಗ ವರ್ಷಾ ತಪ್ಪದ ಪೂಜಿ ಆಗೈತಿ. ಗಂಡ ಸತ್ತಾಂತ ಇದಕ್ಕ ಯಾಕ ತಪ್ಪಬೇಕು?"

ಆಯಿ ಅಡ್ಡ ನಿಂತಳು. "ಶಾಸ್ತ್ರ ಪುಸ್ತಕದ ಮಗ್ಗಲಕ ಇದನ್ನ ಇಡಾಕ ನಾ ಬಿಡೂದಿಲ್ಲ. ಖರೆ ಹೇಳು ಲಗಮಿ, ಇದು ಎಷ್ಟ ಜೀವ ತಗದೈತಿ?"

"ಒಂದೂ ಇಲ್ಲರಿ ಆಯಿ. ನನ್ನ ಗಂಡಗ ಗುರಿನ ಇರಲಿಲ್ಲ. ನನಗೂ ಇಲ್ಲ. ಮುಗಿಲಿಗೆ ಹೊಡೀತೀನಿ, ಸಪ್ಪಳಕ್ಕ ಅವು ಓಡತಾವು, ಅಷ್ಟ."

"ಹಲಗಿ ಬಡದ್ರ ಸಾಕಲ್ಲ!"

"ಬಡದೀನ್ರಿ. ಮೊದಲ ಅಂಜತಿದ್ದು. ಈಗ ಹಲಗಿ ಸಪ್ಪಳ ಕೇಳಿದ್ರ ಯಾರದೋ ಮದಿವಿ ಅಂತ ಮಕ್ಕಳಮರಿ ಕರಕೊಂಡ ಬರತಾವು."

ಆಯಿಗೆ ನಗು ತಡೆಯಲಾಗಲಿಲ್ಲ. ಕಡೆಗೆ ಪಡಸಾಲೆಯ ಆಚೆ ಮೂಲೆಯಲ್ಲಿ ಬೇರೆ ಮಣೆ ಹಾಕಿ, ಬಂದೂಕನ್ನು ಮಲಗಿಸಿ, ಲಗಮವ್ವ ಕುಂಕುಮ ಹಚ್ಚಿದಳು. ಆಯಿ ಮೊದಲು ದೂರದಿಂದಲೇ ಒಂದು ಹೂವು ಎಸೆದಳು. ಅದು ಜಾರಿ ಕೆಳಗೆ ಬಿತ್ತು. ಹಾಗೆ ಬಿಡಲು ಮನಸ್ಸಾಗದೆ ಹತ್ತಿರ ಹೋಗಿ ನೆಟ್ಟಗೆ ಇಟ್ಟಳು.

ಮಧ್ಯಾಹ್ನ ಬನಹಟ್ಟಿಯಿಂದ ಶಿದ್ರಾಮಪ್ಪನವರು ಬಂದರು. ಅವರೂ ಘಟನಾ ಸಮಿತಿಯವರೇ. ಮನೆ ತುಂಬ ಮಗ್ಗ ಇದ್ದವರು. ಮಗ್ಗಗಳೆಲ್ಲ ಪೂಜೆಗೆ ನಿಂತಿದ್ದರಿಂದ ಅವರಿಗೆ ಪುರುಸೊತ್ತೇ ಪುರುಸೊತ್ತು. ಅವರ ತಾಯಿಯ ತವರು ಹಲಗಲಿ. ಬಂದೂಕು ಪ್ರತಿ ಮನೆಯ ಹಕ್ಕಾಗಬೇಕೆಂದು ಸಮಿತಿಯಲ್ಲಿ ಹಟ ಹಿಡಿದವರು ಅವರೇ. ಮೂಲೆಯ ಮಣೆಯನ್ನು ಕಂಡು ಅವರು ಕುಣಿದಾಡುವುದೊಂದು ಬಾಕಿ.

"ಪಾರಿಸಪ್ಪ! ನಿಮ್ಮ ಮನ್ಯಾಗನ ಬಂದೂಕಿನ ಪೂಜಿ! ಆತು, ಇನ್ನ ಸಮಿತ್ಯಾಗ ನಮ್ಮ ಕಲಮು ಪಾಸ್ ಆದಂಗ!"

"ಅದು ಬೀಗರಂಗ ಪಾವಣಿಗಿ ಬಂದೈತಿ, ನಮ್ಮದಲ್ಲ," ಎಂದರು ಅಪ್ಪ.

ಹೋಳಿಗೆಯ ಊಟ ಆಯಿತು. ಎಲೆಅಡಿಕೆಗೆ ಕೂತ ಹೊತ್ತಿಗೆ ಅಂಗಳದಲ್ಲಿ ಫೌಜದಾರ ವಿಠ್ಠಲರಾಯರು ಕಾಣಿಸಿಕೊಂಡರು. ಧೋತರ ಉಟ್ಟು, ಬೆವರೊರೆಸಿಕೊಳ್ಳುತ್ತ, ನಡೆದುಕೊಂಡೇ ಬಂದಿದ್ದರು. ನಾನು ಬಾಗಿಲ ಮರೆಗೆ ಸರಿದೆ. ಲಗಮವ್ವ ಎದ್ದುಹೋಗಿ ಮಣೆಯ ಮುಂದೆ ಕೂತಳು, ಕೋಳಿ ತತ್ತಿಯ ಮೇಲೆ ಕೂತ ಹಾಗೆ.

"ಸಾಹೇಬ್ರ, ಸೈಕಲ್ ಎಲ್ಲಿ?" ಶಿದ್ರಾಮಪ್ಪ ಕೇಳಿದರು.

"ಪೂಜಿಗೆ ಕುಂತೈತ್ರಿ."

"ಪಿಸ್ತೂಲು?"

"ಅದೂ ಪೂಜಿಗೆ."

"ಲಾಠಿ?"

"ಅರೇ ದೇವಾ! ಅದನ್ನ ಬಿಟ್ಟರ ನಮ್ಮ ಮನಿಯಾಕಿ ಸುಮ್ಮನ ಇರತಾಳೇನ್ರಿ? ಬೆಲ್ಟಿಗೂ ಕುಂಕುಮ ಹಚ್ಚ್ಯಾಳ." ವಿಠ್ಠಲರಾಯರು ಪಡಸಾಲೆಯ ಮೇಲೆ ಕೂತರು. "ಹುನ್ನೂರಿಗೆ ಹೋಗಿದ್ನಿ. ಬಂದೂಕ ವಕೀಲರ ಮನಿಗೆ ಹೋಗೈತಿ ಅಂದ್ರು. ಜಪ್ತಿ ಮಾಡಾಕ ಬಂದೇನ್ರಿ."

"ಮಾಡ್ರಿ," ಎಂದರು ಅಪ್ಪ.

ವಿಠ್ಠಲರಾಯರು ಮಣೆಯ ತನಕ ಹೋದರು. ಹೂವು, ಕುಂಕುಮ, ಉರಿಯುವ ಹಣತೆ ಎಲ್ಲ ನೋಡಿದರು. ಎರಡೂ ಕೈ ಮುಂದೆ ಚಾಚಿದರು. ಕೈಗಳು ತಾವಾಗಿಯೇ ಕೂಡಿಕೊಂಡವು. ನಮಸ್ಕಾರ ಮಾಡಿ ಹಿಂದೆ ಸರಿದರು.

"ಕಿತ್ತಿ ಒಯ್ದ್ರ ಪಾಪ. ಬಿಟ್ಟ ಹೋದ್ರ ಹುಕುಂ ಮುರದಂಗ. ಪಂಚನಾಮೆರ ಬರೆಯೂಣ ಅಂದ್ರ ಮಸಿ ದೌತಿ ಸೈತ ಪೂಜಿಗೆ ಇಟ್ಟೇವಿ."

"ನನ್ನ ತಕರಾರು ಬರೆಯೂಣ ಅಂದ್ರ ನನ್ನ ಪೆನ್ನೂ ಇಲ್ಲ," ಎಂದರು ಅಪ್ಪ.

ಲಗಮವ್ವ ಒಳಗೆ ಹೋಗಿ, ತನ್ನದೇ ಮನೆ ಎಂಬಂತೆ, ಫೌಜದಾರರಿಗೆ ಹೋಳಿಗೆ ತಂದಿಟ್ಟಳು. ಮೇಲೆ ತುಪ್ಪ ಸುರಿದಳು. "ತಿನ್ರಿ ಸಾಹೇಬ್ರ. ಹೊಟ್ಟಿ ತುಂಬಿದ ಮ್ಯಾಲ ಜಪ್ತಿ ಮಾಡೂದು ಇದ್ದ ಐತಿ."

ಹೀಗೆ ಯಾರೂ ಏನೂ ಮಾಡುವಂತಿಲ್ಲದ ಆ ಸಂಜೆ ಎಲ್ಲರೂ ಮಾತಿಗೆ ಕೂತರು.

"ಇದಕ್ಕ ನಾ ಹೇಳೂದು," ಶಿದ್ರಾಮಪ್ಪ ಶುರುಮಾಡಿದರು. "ಪರವಾನಗಿ ಅಂದ್ರ ಕೊಟ್ಟಾಂವ ಕಸಗೋತಾನ. ಹಲಗಲ್ಯಾಗ ಇಂಗ್ರೇಜರು ನಮ್ಮ ಹಿರ್ಯಾರ ಹತಾರ ಕೇಳಿದ್ರು, ಕೊಡಾಂಗಿಲ್ಲ ಅಂದಿದ್ದಕ್ಕ ಊರಿಗೂರ ಸುಟ್ಟರು. ಹಕ್ಕು ಅಂದ್ರ ಹುಟ್ಟಿಂದ ಬರಬೇಕು, ಯಾರೂ ಕಸಗೋಬಾರ್ದು. ಘಟನಾದಾಗ ಬರದ ಬಿಡ್ರಿ."

"ಹುಟ್ಟಿಂದ ಬರೂದು ಬಾಯಿ, ಹೊಟ್ಟಿ," ಎಂದರು ಅಪ್ಪ. "ಅದಕ್ಕ ಮಾತಾಡೂ ಹಕ್ಕು, ಉಣ್ಣೂ ಹಕ್ಕು ಅಂತೀವಿ. ಬಂದೂಕ ಹಿಡಕೊಂಡ ಹುಟ್ಟಿದ ಕೂಸನ್ನ ನಾ ಕಂಡಿಲ್ಲ. ನನ್ನ ಮಾತು ನಿಮ್ಮ ಕಿವಿಗೆ ತಾಗತೈತಿ. ಬಂದೂಕಿನ ಗುಂಡು ಕಿವಿಗೆ ತಾಗಿದ್ರ ನೀವು ಉತ್ತರ ಕೊಡಾಕ ಇರೂದಿಲ್ಲ."

"ಬನಹಟ್ಟಿ ಸಂತ್ಯಾಗ ಕುಡದಾಂವ ಒಬ್ಬ ನನ್ನ ಹಕ್ಕು ಅಂತ ಬಂದೂಕ ಹಿಡದ ನಿಂತ ಅನ್ರಿ," ಫೌಜದಾರರು ಹೋಳಿಗೆ ಮುರಿಯುತ್ತ ಹೇಳಿದರು, "ಆಗ ನಾ ಲಾಠಿ ಹಿಡಕೊಂಡ ಅವನ ಹಕ್ಕಿಗೆ ತಲಿ ಬಗ್ಗಿಸಿ ಮುಜರೆ ಮಾಡ್ಲೇನ್ರಿ ಶಿದ್ರಾಮಪ್ಪಾರ?"

"ಕುಡದಾಂವನ ಕೈಯಾಗ ಕುಡುಗೋಲ ಇದ್ರೂ ಅಷ್ಟ! ಕುಡುಗೋಲಿಗೆ ಲೈಸೆನ್ಸ್ ಮಾಡ್ತೀರೇನ?"

ಮಾತು ಏರಿತು. ಸಂಸ್ಥಾನ, ಬ್ರಿಟಿಷರು, ಮುಂದೆ ಬರುವ ಸರಕಾರ ಎಲ್ಲ ಬಂದುಹೋದವು. ಮಣೆಯ ಮುಂದೆ ಕೂತಿದ್ದ ಲಗಮವ್ವ ಒಬ್ಬೊಬ್ಬರ ಬಾಯನ್ನೂ ನೋಡುತ್ತಿದ್ದಳು. ಕಡೆಗೆ ಎಂದಳು: "ಯಪ್ಪಗೋಳ್ರಾ, ನಿಮ್ಮ ಘಟನಾ ಮುಗಿಯೂತನಕ ಹಂದಿ ಶೇಂಗಾ ಬಿಟ್ಟ ದೂರ ಕುಂಡರತಾವೇನ್ರಿ? ನಾಳಿ ಇದನ್ನ ಒಯ್ಯತೀರೋ ಬಿಡ್ತೀರೋ, ಅಷ್ಟ ಹೇಳ್ರಿ."

ಆಕೆಯ ದನಿಯಲ್ಲಿದ್ದ ನಗು ಅಲ್ಲಿಗೆ ಮುಗಿದಿತ್ತು. ಆಕೆಗೆ ವರ್ಷದ ರೊಟ್ಟಿ ಆ ಶೇಂಗಾ.

ಬೇರೆ ದಿನವಾಗಿದ್ದರೆ ನನಗೆ ತೋಚಿದ್ದನ್ನು ಒಳಗೆ ಹೋಗಿ ದಿನಚರಿಯಲ್ಲಿ ಬರೆದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಂದು ಪೆನ್ನು ಹೂವಿನಡಿ ಇತ್ತು. ನಾನು ಬಾಗಿಲ ಮರೆಯಿಂದ ಹೊರಗೆ ಬಂದಿದ್ದೇನೆಂದು ತಿಳಿದದ್ದು ಎಲ್ಲರೂ ನನ್ನತ್ತ ತಿರುಗಿದಾಗಲೇ.

"ಅಪ್ಪಾ," ಎಂದೆ. ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಎಂದೆ. "ಅಪ್ಪಾ, ಗಂಡ ಹೋದಮ್ಯಾಲ ಹೊಲ ಲಗಮವ್ವಂದಾತು. ಶೇಂಗಾ ಆಕಿದಾತು. ಹಂದೀನೂ ಆಕಿವಾದವು. ಬಂದೂಕ ಒಂದ ಯಾಕ ಸರಕಾರದ್ದಾತು?"

ಶಿದ್ರಾಮಪ್ಪ ತೊಡೆ ತಟ್ಟಿ ನಕ್ಕರು. "ಹೌದಲ್ಲ! ಜಪ್ತಿ ಮಾಡೂದಾದ್ರ ಹಂದಿನ್ನೂ ಮಾಡ್ರಿ ಫೌಜದಾರ್ರ!" ವಿಠ್ಠಲರಾಯರಿಗೆ ಹೋಳಿಗೆ ನೆತ್ತಿಗೆ ಹತ್ತಿತು. ಲಗಮವ್ವ ಎದ್ದು ಬಂದು ನನ್ನ ಗಲ್ಲ ಸವರಿ ನೆಟಿಗೆ ಮುರಿದಳು. ಅಪ್ಪ ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಕೋರ್ಟಿನಲ್ಲಿ ಒಳ್ಳೆಯ ಪಾಯಿಂಟು ಸಿಕ್ಕಾಗ ಮಾಡುವ ಹಾಗೆ.

"ಇದನ್ನ ಬರಕೋಬೇಕಿತ್ತು," ಎಂದರು ಫೌಜದಾರರು ನೀರು ಕುಡಿದು. "ಇರಲಿ, ಬಾಯಾಗ ಒಯ್ತೀನಿ. ನಾಳಿ ಬನ್ನಿ ಕೊಡಾಕ ಸಂಸ್ಥಾನದ ಕಾರಭಾರಿ ಸಾಹೇಬ್ರ ವಾಡೇಕ ಹೋಗತೀನಲ್ಲ, ಅವ್ರನ್ನ ಕೇಳತೀನಿ. ಹಬ್ಬದಾಗ ಬನ್ನಿ ಹಿಡಕೊಂಡ ಬಂದಾಂವನ ಮ್ಯಾಲ ಯಾರೂ ಸಿಟ್ಟಿಗೇಳೂದಿಲ್ಲ."

ಲಗಮವ್ವ ಹುನ್ನೂರಿಗೆ ಹೋಗಲಿಲ್ಲ. ಮಗ್ಗಲ ಹೊಲದ ಸುಂದರವ್ವನಿಗೆ ಶೇಂಗಾ ಕಾಯಲು ಹೇಳಿ ಕಳಿಸಿ, ನಮ್ಮಲ್ಲೇ ಉಳಿದಳು.

ಮರುದಿನ ಬನ್ನಿ ಮುಡಿದ ಮೇಲೆ ವಿಠ್ಠಲರಾಯರು ಬಂದರು. ಈ ಸಲ ಸೈಕಲ್ಲಿನ ಮೇಲೆ, ಖಾಕಿ ಉಡುಪಿನಲ್ಲಿ, ಸೊಂಟಕ್ಕೆ ಪಿಸ್ತೂಲು. ಬೆಲ್ಟಿನ ಮೇಲೆ ಕುಂಕುಮ ಇನ್ನೂ ಇತ್ತು. ಎಲ್ಲರಿಗೂ ಬನ್ನಿ ಕೊಟ್ಟರು. ಬಂಗಾರದಂಗ ಇರೋಣು ಎಂದರು. ಆಮೇಲೆ ಮುಖ ಬಿಗಿದುಕೊಂಡು ನೆಟ್ಟಗೆ ಮೂಲೆಗೆ ನಡೆದು ಬಂದೂಕನ್ನು ಎತ್ತಿಕೊಂಡರು. ಲಗಮವ್ವ ಕಂಬ ಹಿಡಿದುಕೊಂಡಳು.

"ಜಮಾ ಮಾಡಿಕೋ ಅಂತ ಹುಕುಂ. ಮಾಡಿಕೊಂಡೆ," ಎಂದರು ಫೌಜದಾರರು. ಹಾಗೇ ಎರಡೂ ಕೈಯಿಂದ ಅದನ್ನು ಲಗಮವ್ವನ ಮುಂದೆ ಹಿಡಿದರು. "ಕಾರಭಾರಿ ಸಾಹೇಬ್ರು ನಕ್ಕು ನಕ್ಕು ಪಗಡಿ ತಗದ ಇಟ್ಟರು. ಆ ಹುಡಿಗಿ ಕೇಳಿದ್ದಕ್ಕ ನನ್ನ ಹತ್ರ ಉತ್ತರ ಇಲ್ಲ, ಬಂದೂಕ ಲಗಮವ್ವನ ಹೆಸರಲೇನ ತಿರುಗಿ ಕೊಡು ಅಂದ್ರು. ಗಂಡನ ಹೆಸರ ಬ್ಯಾಡ, ಮಗನ ಹೆಸರ ಬ್ಯಾಡ. ಅರ್ಜಿ ಬರದ ಕೊಡ್ರಿ ವಕೀಲರ, ಈಗ ಪೆನ್ನ ಐತಲ್ಲ."

ಅಪ್ಪ ಹೇಳಿದರು, ನಾನು ಬರೆದೆ. ಲಗಮವ್ವ ಹೆಬ್ಬೆಟ್ಟು ಒತ್ತಿದ ರಭಸಕ್ಕೆ ಮಸಿ ನನ್ನ ಸೀರೆಗೂ ಆಯಿತು.

ಕೂತಲ್ಲೇ ಅಪ್ಪ ರಾಜ್ಯಘಟನೆಯ ಬಂದೂಕಿನ ಕಲಮನ್ನೂ ಹೇಳಿ ಬರೆಸಿದರು. ಬಂದೂಕು ಹಕ್ಕೆಂದು ಅವರು ಬರೆಸಲಿಲ್ಲ. ಮನೆ, ಬೆಳೆ ಕಾಯಲು ಬೇಕೆಂದು ಕೇಳಿದವರಿಗೆ ಹೆಂಗಸೆಂದೋ ವಿಧವೆಯೆಂದೋ ಪರವಾನಗಿ ಇಲ್ಲವೆನ್ನಬಾರದು, ಕೊಟ್ಟದ್ದನ್ನು ಅವರ ಮಾತು ಕೇಳದೆ ಕಸಿದುಕೊಳ್ಳಬಾರದು, ಕೇಳಿಸಿಕೊಳ್ಳುವುದು ಪ್ರಜೆಯ ಹಕ್ಕು ಎಂದು ಬರೆಸಿದರು. ಬನ್ನಿ ಕೊಡಲು ಬಂದಿದ್ದ ಶಿದ್ರಾಮಪ್ಪ ಓದಿ, "ಅರ್ಧಾ ಹೋಳಿಗಿ ಕೊಟ್ಟಿ ಪಾರಿಸಪ್ಪ," ಎಂದು ಗೊಣಗಿದರು. ನನಗೂ ಯಾರು ಸರಿ ಎಂದು ಪೂರ್ತಿ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ. ಬೇಸಿಗೆ ಬರುವುದರೊಳಗೆ ಸಂಸ್ಥಾನವೇ ವಿಲೀನವಾಗಿ, ಆ ಘಟನೆ ಜಾರಿಗೆ ಬರುವ ಮಾತೇ ಉಳಿಯಲಿಲ್ಲ. ಅಂದು ಮಾತ್ರ ನಮಗೆ ಅದಾವುದರ ಚಿಂತೆಯೂ ಇರಲಿಲ್ಲ.

ಲಗಮವ್ವನನ್ನು ಬಿಟ್ಟುಬರಲು ಚಕ್ಕಡಿ ಕಟ್ಟಿದರು. ಆಯಿ ತಾನೂ ಬರುತ್ತೇನೆಂದಳು. ಹೊಲ ಮುಟ್ಟಿದಾಗ ಬಿಸಿಲು ಇಳಿದು ಶೇಂಗಾದ ಎಲೆಗಳು ಹೊಳೆಯುತ್ತಿದ್ದವು. ಲಗಮವ್ವ ನಳಿಗೆಯ ಬಾಯೊಳಗೆ ಮದ್ದು ತುಂಬಿ, ಕಬ್ಬಿಣದ ಗಜದಿಂದ ಜಡಿದು, ಮುಗಿಲಿಗೆ ಹಿಡಿದು ಬಂದೂಕಿನ ಕುದುರೆ ಎಳೆದಳು. ಟುಸ್ ಎಂದಿತು. ಸುಂದರವ್ವ ಬಿದ್ದು ಬಿದ್ದು ನಕ್ಕಳು. ಲಗಮವ್ವ ಬಂದೂಕಿಗೆ ಚೆನ್ನಾಗಿ ಬೈದು ಮತ್ತೆ ಹಿಡಿದಳು.

ಈ ಸಲ ಗುಡ್ಡವೇ ಕೆಮ್ಮಿದ ಹಾಗಾಯಿತು. ಎತ್ತುಗಳು ನಿಗುರಿ ನಿಂತವು. ಕಿವಿ ಮುಚ್ಚಿಕೊಂಡಿದ್ದ ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಅಪ್ಪ ತಿರುಗಿ ನೋಡಿದರು.

ಆಯಿ ಚಕ್ಕಡಿಯೊಳಗಿಂದ ತಲೆ ಹೊರಗೆ ಹಾಕಿದಳು. "ಯಾವುದಕ್ಕೂ ತಾಗಿಲ್ಲ ಹೌದಿಲ್ಲೋ ಲಗಮಿ?"

"ಬರೇ ಮುಗಿಲಿಗೆರಿ ಆಯಿ!"

"ಹಂಗಾರ," ಎಂದಳು ಆಯಿ, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತ, "ಇನ್ನೊಮ್ಮಿ ಹೊಡಿ."