ಮಾಸ್ಕಿಗಂಟಿದ ಕ್ರೀಮು

ತೂಕದ ಯಂತ್ರ ಹತ್ತುವಾಗ ಕ್ರೀಮಕ್ಕ ಚಪ್ಪಲಿ ಬಿಟ್ಟಳು, ಕೈಗಡಿಯಾರ ಬಿಚ್ಚಿದಳು, ಕೂದಲಿನ ಕ್ಲಿಪ್ಪನ್ನೂ ತೆಗೆದು ನರ್ಸ್ ಕೈಗೆ ಕೊಟ್ಟಳು. ಆದರೂ ಮುಳ್ಳು ಜಪ್ಪಯ್ಯ ಎಂದರೂ ಹಿಂದೆ ಬರಲಿಲ್ಲ.

"ಇನ್ನೂ ಇಳೀಬೇಕಮ್ಮ," ಎಂದರು ಡಾಕ್ಟರು. "ಈ ತೂಕದಲ್ಲಿ ನಿಮ್ಮನ್ನ ಆಪರೇಷನ್ ಟೇಬಲ್ ಮೇಲೆ ಮಲಗಿಸೋಕೆ ನನಗೆ ಧೈರ್ಯ ಇಲ್ಲ. ಇಳಿಸ್ಕೊಂಡು ಬನ್ನಿ, ಆಮೇಲೆ ಕಿಡ್ನಿ ವಿಷಯ ಮಾತಾಡೋಣ."

ಕಿಡ್ನಿ ಬೇಕಾಗಿದ್ದದ್ದು ಅವಳ ತಮ್ಮನಿಗೆ. ದಿನ ಬಿಟ್ಟು ದಿನ ಅವನು ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತಿದ್ದ. ಮನೆಯವರನ್ನೆಲ್ಲ ಪರೀಕ್ಷೆ ಮಾಡಿದರೂ ಹೊಂದಿಕೆಯಾದದ್ದು ಅಕ್ಕನದೊಂದೇ. ಅವಳು ತೂಕ ಇಳಿಸದೆ ಅವನಿಗೆ ಬಿಡುಗಡೆಯಿರಲಿಲ್ಲ.

ಹಾಗಂತ ಅವಳೇನು ತಿಂದು ತೇಗುತ್ತಿದ್ದವಳೇ? ಬೆಳಗ್ಗೆ ಹಾಲಿಲ್ಲದ ಚಹಾ, ಮಧ್ಯಾಹ್ನ ಏನೂ ಇಲ್ಲ, ರಾತ್ರಿ ಬೇಯಿಸಿದ ತರಕಾರಿ. ಗುಬ್ಬಚ್ಚಿಗೂ ಸಾಲದ ಊಟ. ಇಷ್ಟೇ ತಿನ್ನುವವಳಿಗೆ ಮೈ ಎಲ್ಲಿಂದ ಬರುತ್ತಿದೆ ಎಂಬುದು ಅವಳಿಗೇ ದೊಡ್ಡ ಒಗಟಾಗಿತ್ತು. ಗಾಳಿಯಲ್ಲೇ ಏನಾದರೂ ಇದೆಯೇ ಎಂದು ಒಂದು ದಿನ ನಿಜವಾಗಿಯೂ ಯೋಚಿಸಿದಳು. ದಿನವಿಡೀ ಕೆಲಸ ಮಾಡುವ ಬೇಕರಿಯ ಗಾಳಿ ತಾನೆ, ಇದ್ದರೂ ಇರಬಹುದು.

ಈ ಒಗಟಿಗೆ ತಮ್ಮನ ಹೆಂಡತಿ ಆಗಲೇ ಉತ್ತರ ಕಂಡುಕೊಂಡಿದ್ದಳು. ಕಾರಿಡಾರಿನಲ್ಲಿ ಅಡ್ಡ ನಿಂತು, ದನಿ ತಗ್ಗಿಸಿ ಹೇಳಿದಳು: "ಅತ್ತಿಗೆ, ಕೊಡೋಕೆ ಮನಸ್ಸಿಲ್ಲ ಅಂದ್ರೆ ನೇರ ಹೇಳಿಬಿಡಿ. ತೂಕದ ನೆಪ ಬೇಡ."

ಕ್ರೀಮಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅವಳಿಗೆ ಆಗ ಎರಡೂ ಗೊತ್ತಿರಲಿಲ್ಲ. ಮೆಟ್ಟಿಲಿಳಿದು ಕೆಲಸಕ್ಕೆ ಹೋದಳು.

ಬೇಕರಿಯಲ್ಲಿ ಅವಳದು ಕೇಕಿಗೆ ಕ್ರೀಮು ಹಚ್ಚುವ ಕೆಲಸ, ಹೆಸರು ಬಂದದ್ದೂ ಅದರಿಂದಲೇ. ಓವನ್ನಿನಿಂದ ಬಂದ ಕೇಕಿನ ನೆತ್ತಿ ಉಬ್ಬಿರುತ್ತದೆ. ಅದನ್ನು ತಿರುಗುವ ಹಲಗೆಯ ಮೇಲಿಟ್ಟು, ಎಡಗೈಯಲ್ಲಿ ಹಲಗೆ ತಿರುಗಿಸುತ್ತ, ಬಲಗೈಯ ಉದ್ದ ಚಾಕುವಿನಿಂದ ಉಬ್ಬನ್ನು ಕತ್ತರಿಸಿ ಸಮ ಮಾಡಬೇಕು. ಒಂದು ಪುಡಿ ಉಳಿದರೂ ಬಿಳಿ ಕ್ರೀಮಿನಲ್ಲಿ ಸೇರಿಕೊಂಡು ಮಾನ ಕಳೆಯುತ್ತದೆ. ಕಸದ ಬುಟ್ಟಿ ಮುಟ್ಟಿದರೆ ಕೈ ತೊಳೆಯಬೇಕು, ತೊಳೆದರೆ ಒರೆಸಬೇಕು, ಅಷ್ಟರಲ್ಲಿ ಕ್ರೀಮು ಸಡಿಲವಾಗುತ್ತದೆ. ಅದಕ್ಕೇ ಕೆಲಸ ಕಲಿಸಿದಾಕೆ ಹೇಳಿಕೊಟ್ಟಿದ್ದಳು: ಕತ್ತರಿಸಿದ ಚೂರು, ಮಿಕ್ಕ ಕ್ರೀಮು ಎಲ್ಲ ಎಡಗೈಗೆ, ಎಡಗೈಯಿಂದ ಬಾಯಿಗೆ. ಬಾಯಿಗಿಂತ ಹತ್ತಿರದ ಬುಟ್ಟಿ ಯಾವುದಿದೆ?

ಆ ವಾರ ಅವಳಿಗೆ ನೆಗಡಿ ಹಿಡಿಯಿತು. ಯಜಮಾನಿ ಒಂದು ಕಟ್ಟು ಬಿಳಿ ಮಾಸ್ಕು ತಂದುಕೊಟ್ಟು, "ಇದು ಬಾಯಿ ಮೇಲಿದ್ರೆ ಮಾತ್ರ ಒಳಗೆ ಬಾ," ಎಂದಳು. ಕ್ರೀಮಕ್ಕ ಹಾಕಿಕೊಂಡು ಕೆಲಸಕ್ಕೆ ನಿಂತಳು. ಮೊದಲ ಕೇಕು ಮುಗಿಯುವ ಹೊತ್ತಿಗೆ ಓವನ್ ನೋಡಿಕೊಳ್ಳುವ ಬೆಂಕಿಯಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಏನಮ್ಮಾ, ಮಾಸ್ಕಿಗೆ ಊಟ ಮಾಡಿಸ್ತಿದ್ದೀಯಾ?"

ಸ್ಟೀಲ್ ಕಪಾಟಿನ ಬಾಗಿಲಲ್ಲಿ ಮುಖ ನೋಡಿಕೊಂಡಳು. ಮಾಸ್ಕಿನ ನಡುವೆ ಕ್ರೀಮಿನ ದಪ್ಪ ಮುದ್ದೆ, ಅದಕ್ಕೆ ಅಂಟಿದ ಚಾಕೊಲೇಟ್ ಪುಡಿ, ಕೆಳಗೆ ನೆಲದ ಮೇಲೆ ಕೇಕಿನ ಚೂರುಗಳು. ಕೈ ಯಾವಾಗ ಮೇಲೆ ಹೋಗಿತ್ತೋ ಅವಳಿಗೆ ಗೊತ್ತೇ ಇರಲಿಲ್ಲ.

ನಾಚಿಕೆಯಾಗಬೇಕಿತ್ತು. ಆದರೆ ಅವಳಿಗೆ ಆದದ್ದು ಖುಷಿ. ಕಳ್ಳ ಸಿಕ್ಕಿಬಿದ್ದಿದ್ದ, ಅದೂ ಮನೆಯೊಳಗಿನ ಕಳ್ಳ. ಮಾಸ್ಕು ಬದಲಾಯಿಸಿ, ಈ ಕೈ ಇನ್ನೇನೇನು ಮಾಡುತ್ತದೋ ನೋಡಿಯೇಬಿಡೋಣ ಎಂದು ಮತ್ತೆ ನಿಂತಳು. ನೆಗಡಿ ಹೋದರೂ ಮಾಸ್ಕು ಬಿಡಲಿಲ್ಲ. ಕತ್ತರಿಸಿದ ಉಬ್ಬುಗಳಿಗೆ ಪಕ್ಕದಲ್ಲೇ ಒಂದು ಡಬ್ಬಿ ಇಟ್ಟು, ಚಾಕುವಿನ ತುದಿಯಿಂದಲೇ ಅದಕ್ಕೆ ತಳ್ಳುವುದನ್ನು ಅಭ್ಯಾಸ ಮಾಡಿಕೊಂಡಳು. ಡಬ್ಬಿ ಮಧ್ಯಾಹ್ನಕ್ಕೇ ತುಂಬಿ ಬಂದದ್ದು ಕಂಡು ಬೆಚ್ಚಿದಳು. ಇಷ್ಟೂ ತನ್ನ ಹೊಟ್ಟೆಗೆ ಹೋಗುತ್ತಿತ್ತಲ್ಲ!

"ಬರಿ ಹೊಟ್ಟೆಯಲ್ಲಿ ನಿಂತ್ರೆ ಕೈ ಸುಮ್ಮನಿರುತ್ತೇನಮ್ಮ?" ಎಂದ ಬೆಂಕಿಯಣ್ಣ. ಮಧ್ಯಾಹ್ನ ಅವಳನ್ನು ಮೈದಾ ಮೂಟೆಯ ಮೇಲೆ ಕೂರಿಸಿ ತಟ್ಟೆ ಕೈಗಿಟ್ಟ. ಅನ್ನ, ಬೇಯಿಸಿದ ಕಾಳು, ಸೌತೆಕಾಯಿ. "ಕೂತು ತಿನ್ನು. ತಿಂದೆ ಅಂತ ಹೊಟ್ಟೆಗೂ ಗೊತ್ತಾಗ್ಲಿ."

ಅಂದಿನಿಂದ ಅವಳು ಕೂತು ಉಂಡಳು. ಬೆಳಗ್ಗೆಯೂ ಏನಾದರೂ ತಿಂದೇ ಮನೆ ಬಿಟ್ಟಳು. ವಿಚಿತ್ರವೆಂದರೆ ಮೊದಲಿಗಿಂತ ಹೆಚ್ಚು ಉಣ್ಣುತ್ತಿದ್ದರೂ ಹೊಲಿಸಿಕೊಂಡ ಬಟ್ಟೆ ಸಡಿಲವಾಗತೊಡಗಿತು.

ಆದರೆ ಮಾಸ್ಕಿನ ಮೇಲೆ ಆಗೊಂದು ಈಗೊಂದು ಕ್ರೀಮಿನ ಗುರುತು ಬೀಳುವುದು ಮಾತ್ರ ನಿಲ್ಲಲಿಲ್ಲ. ಹೊಟ್ಟೆ ತುಂಬಿದೆ, ಚೂರುಗಳು ಡಬ್ಬಿಗೆ ಹೋಗುತ್ತಿವೆ, ಮತ್ತೆ ಇದು ಯಾವಾಗ? ಕೈಯ ಮೇಲೆ ಕಣ್ಣಿಟ್ಟು ಕಾದಳು.

ಒಂದು ಸಂಜೆ ಕಪಾಟಿನ ಮೇಲಿದ್ದ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ ತಮ್ಮನ ಹೆಂಡತಿ. ಎತ್ತಿಕೊಳ್ಳುವ ಮೊದಲೇ ಕ್ರೀಮಕ್ಕನ ಚಾಕು, ಆಗಲೇ ಸಮವಾಗಿದ್ದ ಕೇಕಿನಿಂದ ಒಂದು ತುಂಡು ಕೆತ್ತಿತ್ತು. ಎಡಗೈ ಅದನ್ನು ಮಾಸ್ಕಿಗೆ ಒತ್ತಿ ಹಿಡಿದಿತ್ತು.

ಫೋನು ಸುಮ್ಮನಾಯಿತು. ಅವಳು ಹಾಗೇ ನಿಂತಳು. ಹಸಿವಲ್ಲ, ರುಚಿಯಲ್ಲ, ಅಭ್ಯಾಸವೂ ಅಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ತನ್ನನ್ನು ಮಲಗಿಸಿ ಪಕ್ಕೆ ಸೀಳುತ್ತಾರೆ ಎಂಬ ನೆನಪು ಬಂದಾಗಲೆಲ್ಲ ಈ ಕೈ ಮೇಲೇಳುತ್ತಿತ್ತು. ಅವಳಿಗೆ ಹೆದರಿಕೆಯಾಗಿತ್ತು, ತುಂಬಾ ಹೆದರಿಕೆ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಕಾರಿಡಾರಿನಲ್ಲಿ ತನಗೆ ಅಷ್ಟು ಉರಿದದ್ದು ಯಾಕೆಂದು ಈಗ ತಿಳಿಯಿತು.

ಏಪ್ರನ್ ಬಿಚ್ಚಿ ನೇರ ಆಸ್ಪತ್ರೆಗೆ ಹೋದಳು. ತಮ್ಮ ಯಂತ್ರದ ಪಕ್ಕ ಮಲಗಿದ್ದ, ಅವನ ಹೆಂಡತಿ ಸ್ಟೂಲಿನ ಮೇಲೆ ಕೂತಿದ್ದಳು.

"ನೀನು ಅವತ್ತು ಹೇಳಿದ್ದು ಅರ್ಧ ನಿಜ ಕಣೇ," ಎಂದಳು ಕ್ರೀಮಕ್ಕ. "ನನಗೆ ಹೆದರಿಕೆ. ಹೆದರಿಕೆಗೇ ತಿಂತಿದ್ದೆ. ನನಗೇ ಗೊತ್ತಿರ್ಲಿಲ್ಲ."

ತಮ್ಮನ ಹೆಂಡತಿಯ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ... ಆಗಲ್ಲ ಅಂತೀರಾ ಅತ್ತಿಗೆ?"

"ಆಗಲ್ಲ ಅಂತ ಯಾರಂದ್ರು? ಹೆದರಿಕೆ ಅಂದೆ ಅಷ್ಟೇ."

ತಮ್ಮ ತಲೆ ಎತ್ತಲು ನೋಡಿದ. "ಅಕ್ಕಾ, ಇದನ್ನ ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬೇಡ ಅಂದುಬಿಡ್ತೀಯಲ್ಲೋ."

"ಈಗಲೂ ಅಂತೀನಿ."

"ಅನ್ನು. ಕೇಳೋರು ಯಾರು? ಚಿಕ್ಕಂದಿನಿಂದ ನಿನ್ನ ಮಾತು ನಾನು ಯಾವತ್ತು ಕೇಳಿದ್ದೀನಿ?"

ತಮ್ಮನ ಹೆಂಡತಿ ಎದ್ದು ಸ್ಟೂಲನ್ನು ಅವಳತ್ತ ಸರಿಸಿದಳು. "ಕೂತ್ಕೊಳ್ಳಿ ಅತ್ತಿಗೆ. ನನಗೂ ಹೆದರಿಕೆ. ಅದಕ್ಕೇ ಬಾಯಿಗೆ ಬಂದದ್ದು ಅಂದುಬಿಟ್ಟೆ," ಎಂದು ಮುಖ ಮುಚ್ಚಿಕೊಂಡು ಅತ್ತಳು. ಕ್ರೀಮಕ್ಕ ಕೂರಲಿಲ್ಲ, ಅವಳನ್ನು ಹಿಡಿದುಕೊಂಡು ನಿಂತಳು.

ಹೆದರಿಕೆಯನ್ನು ಹೇಳಿಕೊಂಡ ಮೇಲೆ ಅದೇನೂ ಓಡಿಹೋಗಲಿಲ್ಲ. ಆದರೆ ಫೋನು ಬಂದಾಗ ಅವಳು ಚಾಕು ಕೆಳಗಿಟ್ಟು ಮಾತಾಡುವುದನ್ನು ಕಲಿತಳು. ಬೇಸಿಗೆ ಕಳೆದು ಗಾಳಿ ತಣ್ಣಗಾಗುವ ಹೊತ್ತಿಗೆ ತೂಕದ ಮುಳ್ಳು ಡಾಕ್ಟರು ಹೇಳಿದ ಜಾಗಕ್ಕೆ ಬಂದು ನಿಂತಿತು.

ಡಾಕ್ಟರು ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ಅವಳೊಬ್ಬಳನ್ನೇ ಎದುರು ಕೂರಿಸಿಕೊಂಡರು.

"ನೋಡಿಮ್ಮ, ಯಾರ ಬಲವಂತವೂ ಇರಬಾರದು. ಹೆದರಿಕೆ ಇದ್ರೆ ಈಗಲೂ ಬೇಡ ಅನ್ನಬಹುದು. ಕಾರಣ ನಾನು ಯಾರಿಗೂ ಹೇಳಲ್ಲ."

"ಹೆದರಿಕೆ ಇದೆ ಡಾಕ್ಟ್ರೇ," ಎಂದಳು ಕ್ರೀಮಕ್ಕ. "ಅದಕ್ಕೇ ಸ್ವಲ್ಪ ಬೇಗ ದಿನ ಗೊತ್ತುಮಾಡಿ."