ಕೌಂಟರಿನ ಹಿಂದೆ ನಿಲ್ಲುವವನು

ನಾಟಕ ತಂಡದವರೆಲ್ಲ ಅವನನ್ನು ಭಾವ ಎಂದೇ ಕರೆಯುತ್ತಿದ್ದರು. ನಿರ್ದೇಶಕಿ ಅವನ ಹೆಂಡತಿ. ಹಾಸ್ಯನಟ ಅವಳ ತಮ್ಮ. ಒಂದು ಕಡೆ ನಿಲ್ಲದ ಆ ತಮ್ಮನಿಗೆ ಬುಗುರಿ ಎಂದು ಅಡ್ಡಹೆಸರು.

ವರ್ಷಗಳಿಂದ ಅವರದು ಒಂದೇ ನಾಟಕ. ಲಾಡ್ಜಿನ ಗುಮಾಸ್ತನಾಗಿ ಭಾವ ಕೌಂಟರಿನ ಹಿಂದೆ ಬಿಗಿದ ಮುಖದಲ್ಲಿ ನಿಲ್ಲುತ್ತಿದ್ದ. ತನಗೂ ತನ್ನ ಕುದುರೆಗೂ ರೂಮು ಕೇಳುವ ಗಿರಾಕಿಯಾಗಿ ಬುಗುರಿ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ. ನಾಟಕ ಮುಗಿದ ಮೇಲೆ ಜನ ಬುಗುರಿಯ ಕೈ ಕುಲುಕುತ್ತಿದ್ದರು, ಭಾವನನ್ನು ಟಾಯ್ಲೆಟ್ ಯಾವ ಕಡೆ ಎಂದು ಕೇಳುತ್ತಿದ್ದರು. ಒಂದೇ ಒಂದು ಸಲವಾದರೂ ತಾನೂ ನಗಿಸಬೇಕೆಂಬ ಆಸೆ ಅವನಿಗೆ ಒಳಗೊಳಗೇ ಇತ್ತು.

ಬುಗುರಿಯ ಗಂಟಲಿಗೆ ಆಪರೇಷನ್ ಆಯಿತು. ಸದ್ಯಕ್ಕೆ ಕೂಗಾಡುವಂತಿಲ್ಲ ಎಂದರು ಡಾಕ್ಟರು. ನಿರ್ದೇಶಕಿ ಇಬ್ಬರ ಪಾತ್ರ ಅದಲುಬದಲು ಮಾಡಿದಳು.

"ಸುಮ್ನೆ ನಿಂತ್ಕೊಳ್ಳೋದು ತಾನೆ ಭಾವ, ಅದೇನು ಮಹಾ," ಎಂದ ಬುಗುರಿ.

ಮೊದಲ ಪ್ರದರ್ಶನದಲ್ಲಿ ಭಾವ ಬಿದ್ದ, ಎದ್ದ, ಕುದುರೆಯಂತೆ ಕೆನೆದ. ಒಬ್ಬರೂ ನಗಲಿಲ್ಲ. ಓರೆಗಣ್ಣಿನಲ್ಲಿ ನೋಡಿದರೆ ಕೌಂಟರಿನ ಹಿಂದೆ ಬುಗುರಿ ಜನರತ್ತ ಕಣ್ಣು ಹೊಡೆಯುತ್ತ, ಪ್ರತಿ ಮಾತಿಗೂ ಮೂತಿ ತಿರುವುತ್ತ ನಿಂತಿದ್ದಾನೆ! ವಿರಾಮದಲ್ಲಿ ಭಾವ ಅವನನ್ನು ಬಣ್ಣದ ಕೋಣೆಯ ಮೂಲೆಗೆ ಎಳೆದ.

"ನನ್ನ ಹುಚ್ಚ ಅಂತ ನೋಡ್ತಿದೀಯ."

"ಮತ್ತೆ? ಲಾಡ್ಜಿಗೆ ಕುದುರೆ ತಂದೋನು ಹುಚ್ಚ ಅಲ್ವಾ?"

"ಜನಕ್ಕೆ ಹುಚ್ಚ. ನಿಂಗೆ ನಾನು ಗಿರಾಕಿ ಕಣೋ. ಕುದುರೆ ನಿಜವಾಗ್ಲೂ ಬಾಗಿಲಲ್ಲಿ ನಿಂತಿದೆ. ಅದನ್ನ ಎಲ್ಲಿ ಮಲಗಿಸೋದು ಅನ್ನೋದೊಂದೇ ನಿನ್ನ ತಲೆನೋವು. ನಾನು ಇಷ್ಟು ವರ್ಷ ನೀನು ಹೇಳಿದ್ದನ್ನೆಲ್ಲ ನಂಬಿಕೊಂಡೇ ನಿಂತಿದ್ದೆ."



ವಿರಾಮದ ನಂತರ ಬುಗುರಿ ಕೌಂಟರಿನ ಮೇಲೆ ಕೈಯಿಟ್ಟು, ಬಾಗಿಲಿನತ್ತ ದೀರ್ಘವಾಗಿ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, ನಿಜವಾದ ಕಾಳಜಿಯಿಂದ ಕೇಳಿದ: "ಅವರಿಗೆ ಮೆಟ್ಟಿಲು ಹತ್ತೋದು ಕಷ್ಟ ಆಗಲ್ವಾ ಸಾರ್?"

"ಮಂಡಿನೋವು," ಎಂದ ಭಾವ. "ನಾಲ್ಕೂ."

ಸಭಾಂಗಣ ಹೋ ಎಂದಿತು. ಆ ನಗು ಅಲೆಯಂತೆ ಬಂದು ಭಾವನಿಗೆ ತಾಗಿತು. ಎದುರಿಗೆ ಬುಗುರಿ ಮಾತ್ರ ಮಿಸುಕಲಿಲ್ಲ; ಕುದುರೆಯ ಮಂಡಿಗೆ ಮನಸಾರೆ ಮರುಗುತ್ತಿದ್ದ.

ಬುಗುರಿಯ ಗಂಟಲು ವಾಸಿಯಾದ ಮೇಲೆ ಭಾವನೇ ಹೇಳಿದ, "ನಿನ್ನ ಕುದುರೆ ನೀನೇ ಇಟ್ಕೋ ಮಾರಾಯ. ಮುಂದಿನ ನಗು ಬರುತ್ತೋ ಇಲ್ವೋ ಅಂತ ಎದೆ ಡವಡವ ಅನ್ನುತ್ತೆ."

"ಅದಕ್ಕೇ ನಾನೂ ಕೌಂಟರ್ ಬಿಡಲ್ಲ ಭಾವ. ಅಲ್ಲಿ ಎಷ್ಟು ಹಾಯಾಗಿತ್ತು!"

ಇಬ್ಬರೂ ಪಟ್ಟು ಬಿಡಲಿಲ್ಲ. ಕೊನೆಗೆ ನಿರ್ದೇಶಕಿ ಗದರಿ, ಒಂದು ಪ್ರದರ್ಶನ ಅವನಿಗೆ, ಒಂದು ಇವನಿಗೆ ಎಂದು ಕೌಂಟರನ್ನು ಹಂಚಿಕೊಟ್ಟಳು. ತನ್ನ ಸರದಿ ಬಂದ ದಿನ ಭಾವ ಬೇಗನೆ ಹೋಗಿ ಬಣ್ಣ ಹಚ್ಚಿಕೊಳ್ಳುತ್ತಾನೆ.